ಕೈಯಲ್ಲಿ ಮೂರು ಆಫರ್, ತಲೆ ಮೇಲೆ ಒಂದು ವೀಸಾ: ಸಂಬಳಕ್ಕಿಂತ ಮೊದಲು ಎಣಿಸಬೇಕಾದ್ದು ಏನು?

ಅಮೆರಿಕದಲ್ಲಿ ಎಂ.ಎಸ್. ಮುಗಿಸ್ತಾ ಇರೋರಿಗೆ, ಮುಗಿಸಿ ಕೆಲಸ ಹುಡುಕ್ತಾ ಇರೋರಿಗೆ, ಮತ್ತೆ ಊರಲ್ಲಿ ಕೂತು "ಮಗಳಿಗೆ ಎರಡು ಆಫರ್ ಬಂದಿದೆಯಂತೆ, ಜಾಸ್ತಿ ಕೊಡೋದನ್ನ ತಗೊಳ್ಳೋಕೆ ಇಷ್ಟೊಂದು ಯೋಚನೆ ಯಾಕೆ?" ಅಂತ ಕೇಳ್ತಾ ಇರೋ ಅಪ್ಪ-ಅಮ್ಮಂದಿರಿಗೂ ಸೇರಿ ಈ ಸಂಚಿಕೆ.

ನಿಮ್ಮ ಜೊತೆ ಓದಿದ ಅಮೆರಿಕನ್ ಹುಡುಗನಿಗೆ ಎರಡು ಆಫರ್ ಬಂದ್ರೆ ಅವನು ಸಂಬಳ ನೋಡ್ತಾನೆ, ಊರು ನೋಡ್ತಾನೆ, ಕೆಲಸ ಇಷ್ಟ ಆಗುತ್ತಾ ನೋಡ್ತಾನೆ. ಅಷ್ಟೇ. ನಮಗೆ ಅದರ ಮೇಲೆ ಇನ್ನೆರಡು ಪ್ರಶ್ನೆ ಇದೆ. ಈ ಆಫರ್ ಹಿಡ್ಕೊಂಡು ನಾನು ಎಚ್-1ಬಿ ಲಾಟರಿಗೆ ಎಷ್ಟು ಸಲ ಹೆಸರು ಕೊಡಬಹುದು? ಎಲ್ಲಾ ಸಲವೂ ಬರಲಿಲ್ಲ ಅಂದ್ರೆ ನಾನು ಎಲ್ಲಿಗೆ ಹೋಗಿ ನಿಲ್ತೀನಿ? ಸಂಬಳದ ಪ್ರಶ್ನೆ ಇವೆರಡರ ಆಮೇಲೆ ಬರಬೇಕು ಅನ್ನೋದು ನನ್ನ ಅಭಿಪ್ರಾಯ. ಯಾಕೆ ಅಂತ ಒಂದು ನಿಜವಾದ ಲೆಕ್ಕ ಇಟ್ಕೊಂಡೇ ಹೇಳ್ತೀನಿ.

ಅರಿಜೋನಾದಲ್ಲಿ ಓದ್ತಾ ಇರೋ, ಹಾಸನ ಕಡೆಯ ಒಬ್ಬ ಕೇಳುಗ ನನಗೆ ವಾಯ್ಸ್ ನೋಟ್ ಕಳಿಸಿದ್ದ. ಹೆಸರು ಬೇಡ ಅಂದಿದ್ದಾನೆ. "ಅಕ್ಕಾ, ಮೂರು ಆಫರ್ ಇದೆ, ಅಪ್ಪ ಒಂದು ಹೇಳ್ತಾರೆ, ರೂಮ್‌ಮೇಟ್ ಇನ್ನೊಂದು ಹೇಳ್ತಾನೆ." ಒಂದು, ಸ್ಯಾನ್ ಹೋಸೆಯ ಸಣ್ಣ ಸ್ಟಾರ್ಟಪ್, ಹದಿನಾಲ್ಕು ಜನ, ವರ್ಷಕ್ಕೆ 1,45,000 ಡಾಲರ್. ಎರಡು, ಒಹಾಯೊ ರಾಜ್ಯದ ಕೊಲಂಬಸ್‌ನಲ್ಲಿ ಒಂದು ಇನ್ಶೂರೆನ್ಸ್ ಕಂಪನಿ, 1,06,000. ಮೂರು, ಒಂದು ಯೂನಿವರ್ಸಿಟಿಯ ಸಂಶೋಧನಾ ಲ್ಯಾಬ್, 68,000. ಮನೆ ಅಡ ಇಟ್ಟು ತೆಗೆದ ಶಿಕ್ಷಣ ಸಾಲ 45 ಲಕ್ಷ. ಶೇ. 11ರ ಬಡ್ಡಿ, ಹತ್ತು ವರ್ಷ ಅಂತ ಇಟ್ಕೊಂಡ್ರೆ ತಿಂಗಳ ಕಂತು ಸುಮಾರು 62 ಸಾವಿರ ರೂಪಾಯಿ. ಸ್ಟಾರ್ಟಪ್‌ನವರು ಶುಕ್ರವಾರದೊಳಗೆ ಉತ್ತರ ಬೇಕು ಅಂದಿದ್ದಾರೆ. ಅಪ್ಪ ಹೇಳಿದ್ದು ಸ್ಯಾನ್ ಹೋಸೆಗೆ ಹೋಗು ಅಂತ. ಸಾಲ ಇದ್ದಾಗ ಯಾವ ಅಪ್ಪ ಆದ್ರೂ ಅದನ್ನೇ ಹೇಳೋದು, ಅದರಲ್ಲಿ ತಪ್ಪೇನಿಲ್ಲ.

ಮೊದಲು ಸಮಯದ ಲೆಕ್ಕ. ಓದು ಮುಗಿದ ಮೇಲೆ ಎಫ್-1 ವೀಸಾದಲ್ಲಿ ಇರೋರಿಗೆ ಒಪಿಟಿ ಅಂತ 12 ತಿಂಗಳು ಕೆಲಸ ಮಾಡೋಕೆ ಅನುಮತಿ ಸಿಗುತ್ತೆ. ವಿಜ್ಞಾನ, ತಂತ್ರಜ್ಞಾನ, ಎಂಜಿನಿಯರಿಂಗ್, ಗಣಿತ ಈ ಗುಂಪಿನ ಡಿಗ್ರಿ ಆದ್ರೆ ಇನ್ನೂ 24 ತಿಂಗಳು ಮುಂದುವರಿಸಬಹುದು. ಇದಕ್ಕೆ ಸ್ಟೆಮ್ ಒಪಿಟಿ ಅಂತಾರೆ. ಒಟ್ಟು ಮೂರು ವರ್ಷ. ಎಚ್-1ಬಿ ನೋಂದಣಿ ನಡೆಯೋದು ವರ್ಷಕ್ಕೆ ಒಂದೇ ಸಲ, ಮಾರ್ಚ್‌ನಲ್ಲಿ. ಆಯ್ಕೆ ಆದವರು ಎಚ್-1ಬಿಯಲ್ಲಿ ಕೆಲಸ ಶುರು ಮಾಡೋದು ಅಕ್ಟೋಬರ್ 1ರಿಂದ. ಅಂದ್ರೆ 2026ರ ಮೇನಲ್ಲಿ ಓದು ಮುಗಿಸಿ ಜೂನ್‌ನಲ್ಲಿ ಕೆಲಸಕ್ಕೆ ಸೇರಿದವರಿಗೆ 2027, 2028, 2029, ಹೀಗೆ ಮೂರು ಮಾರ್ಚ್ ಸಿಗುತ್ತೆ.

ಸಿಗುತ್ತೆ ಅಂದೆ. ಆದರೆ ಅದಕ್ಕೊಂದು ಷರತ್ತಿದೆ, ಆಫರ್ ಲೆಟರ್‌ನಲ್ಲಿ ಅದರ ಬಗ್ಗೆ ಒಂದಕ್ಷರ ಇರಲ್ಲ. ಆ 24 ತಿಂಗಳ ವಿಸ್ತರಣೆ ಬೇಕು ಅಂದ್ರೆ ನಿಮ್ಮ ಕಂಪನಿ ಇ-ವೆರಿಫೈ ಅನ್ನೋ ಸರ್ಕಾರಿ ವ್ಯವಸ್ಥೆಯಲ್ಲಿ ನೋಂದಾಯಿಸಿರಲೇಬೇಕು, ಐ-983 ಅನ್ನೋ ತರಬೇತಿ ಯೋಜನೆಯ ಫಾರಂಗೆ ಸಹಿ ಹಾಕಬೇಕು. ಕಂಪನಿ ಇ-ವೆರಿಫೈನಲ್ಲಿ ಇಲ್ಲ ಅಂದ್ರೆ ಅಲ್ಲಿ ನಿಮ್ಮ ಮೂರು ವರ್ಷ ಒಂದೇ ವರ್ಷಕ್ಕೆ ಇಳಿಯುತ್ತೆ, ಮೂರು ಮಾರ್ಚ್ ಹೋಗಿ ಒಂದು ಮಾರ್ಚ್ ಉಳಿಯುತ್ತೆ. ನಮ್ಮ ಹುಡುಗನ ಸ್ಟಾರ್ಟಪ್ ಇ-ವೆರಿಫೈನಲ್ಲಿ ಇರಲಿಲ್ಲ. ಯಾವ ಕಂಪನಿ ಇದೆ, ಯಾವುದು ಇಲ್ಲ ಅಂತ ಇ-ವೆರಿಫೈನ ವೆಬ್‌ಸೈಟ್‌ನಲ್ಲೇ ಹುಡುಕಬಹುದು. ಎರಡು ನಿಮಿಷದ ಕೆಲಸ. ಸಂದರ್ಶನಕ್ಕೆ ಹೋಗೋಕೆ ಮುಂಚೆನೇ ನೋಡಿಟ್ಕೊಳ್ಳಿ.

ಇನ್ನು ಲಾಟರಿ. ಇದರ ನಿಯಮ ಈಚೆಗೆ ಪೂರ್ತಿ ಬದಲಾಗಿದೆ, ಹಾಗಾಗಿ ನಿಮ್ಮ ಸೀನಿಯರ್ ಹೇಳಿದ ಲೆಕ್ಕ ಈಗ ನಡೆಯಲ್ಲ. ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ.

ವರ್ಷಕ್ಕೆ 65 ಸಾವಿರ ಎಚ್-1ಬಿ, ಅಮೆರಿಕದಲ್ಲೇ ಮಾಸ್ಟರ್ಸ್ ಮಾಡಿದವರಿಗೆ ಮೇಲೆ 20 ಸಾವಿರ. (ಆ 20 ಸಾವಿರಕ್ಕೆ ಸರ್ಕಾರಿ ಅಥವಾ ಲಾಭರಹಿತ ಯೂನಿವರ್ಸಿಟಿಯ ಡಿಗ್ರಿ ಬೇಕು. ಲಾಭಕ್ಕೆ ನಡೆಸೋ ಕಾಲೇಜಿನ ಮಾಸ್ಟರ್ಸ್ ಲೆಕ್ಕಕ್ಕೆ ಬರಲ್ಲ. ಅಡ್ಮಿಷನ್ ಹುಡುಕ್ತಾ ಇರೋರು ಇದನ್ನ ಬರೆದಿಟ್ಕೊಳ್ಳಿ.) ಈ ಸಂಖ್ಯೆ ತುಂಬಾ ವರ್ಷದಿಂದ ಹಾಗೇ ಇದೆ. ಹೆಸರು ಕೊಡೋರ ಸಂಖ್ಯೆ ಮಾತ್ರ ಮೇಲೆ-ಕೆಳಗೆ ಆಗ್ತಾ ಬಂತು. 2024ರ ಹಣಕಾಸು ವರ್ಷಕ್ಕೆ ಅರ್ಹ ನೋಂದಣಿ ಏಳೂವರೆ ಲಕ್ಷ ದಾಟಿತ್ತು. ಆಗ ಒಬ್ಬರ ಹೆಸರಲ್ಲಿ ನಾಲ್ಕೈದು ಕಂಪನಿ ನೋಂದಣಿ ಮಾಡ್ತಿದ್ವು, ಒಬ್ಬರ ಚೀಟಿ ಡಬ್ಬದಲ್ಲಿ ಐದು ಸಲ ಬೀಳ್ತಿತ್ತು. 2024ರ ಮಾರ್ಚ್‌ನಿಂದ ಅದನ್ನ ನಿಲ್ಲಿಸಿದ್ರು. ಎಷ್ಟು ಕಂಪನಿ ಹೆಸರು ಕೊಟ್ರೂ ಒಬ್ಬ ಮನುಷ್ಯನನ್ನ ಒಬ್ಬನಾಗೇ ಎಣಿಸ್ತಾರೆ. ನೋಂದಣಿ ನಾಲ್ಕು ಲಕ್ಷದ 70 ಸಾವಿರಕ್ಕೆ ಇಳೀತು. ಅದರ ಮುಂದಿನ ವರ್ಷ, ಶುಲ್ಕ 10 ಡಾಲರ್‌ನಿಂದ 215 ಡಾಲರ್ ಆದ ಮೇಲೆ, ಮೂರು ಲಕ್ಷದ 44 ಸಾವಿರ. ಆ ವರ್ಷ ಸುಮಾರು ಒಂದು ಲಕ್ಷದ 20 ಸಾವಿರ ಆಯ್ಕೆ ಆದ್ವು, ಅಂದ್ರೆ ನೂರಕ್ಕೆ 35. "ನಮ್ಮ ಹತ್ರ ಬಂದ್ರೆ ಮೂರು ಕಂಪನಿಯಿಂದ ಹೆಸರು ಹಾಕಿಸ್ತೀವಿ, ಪಕ್ಕಾ ಬರುತ್ತೆ" ಅಂತ ಈಗಲೂ ಹೇಳೋರು ಇದ್ದಾರೆ. ಅಂಥವರ ಫೋನ್ ಕಟ್ ಮಾಡಿ.

2025ರ ಡಿಸೆಂಬರ್‌ನಲ್ಲಿ ಇನ್ನೊಂದು ನಿಯಮ ಪ್ರಕಟ ಆಯ್ತು. ಜಾರಿಯ ದಿನ 2026ರ ಫೆಬ್ರವರಿ 27. ಇದರ ಪ್ರಕಾರ ಎಲ್ಲರ ಚೀಟಿಗೂ ಸಮಾನ ಅವಕಾಶ ಇಲ್ಲ. ಅಮೆರಿಕದ ಕಾರ್ಮಿಕ ಇಲಾಖೆ ಪ್ರತಿ ಕೆಲಸಕ್ಕೂ ಒಂದು ಕೋಡ್ ಇಟ್ಟಿದೆ, ಪ್ರತಿ ಪ್ರದೇಶಕ್ಕೂ ಆ ಕೆಲಸದ ಸಂಬಳವನ್ನ ನಾಲ್ಕು ಹಂತ ಮಾಡಿದೆ. ನಿಮಗೆ ಕೊಡೋ ಸಂಬಳ ಲೆವೆಲ್ 1ರಲ್ಲಿದ್ರೆ ನಿಮ್ಮ ಚೀಟಿ ಡಬ್ಬಕ್ಕೆ ಒಂದು ಸಲ ಬೀಳುತ್ತೆ. ಲೆವೆಲ್ 2 ಆದ್ರೆ ಎರಡು ಸಲ, 3 ಆದ್ರೆ ಮೂರು, 4 ಆದ್ರೆ ನಾಲ್ಕು. ಈ ನಿಯಮವನ್ನ ಪ್ರಸ್ತಾಪ ಮಾಡುವಾಗ ಅಲ್ಲಿನ ಗೃಹಭದ್ರತಾ ಇಲಾಖೆಯೇ ಒಂದು ಅಂದಾಜು ಕೊಟ್ಟಿತ್ತು: ಲೆವೆಲ್ 1ಕ್ಕೆ ಆಯ್ಕೆ ಆಗೋ ಸಾಧ್ಯತೆ ಸುಮಾರು ಶೇ. 15, ಲೆವೆಲ್ 2ಕ್ಕೆ ಸುಮಾರು 30, ಲೆವೆಲ್ 3ಕ್ಕೆ 46ರ ಹತ್ತಿರ, ಲೆವೆಲ್ 4ಕ್ಕೆ 61.

"ಸರಿ, ಹಾಗಾದ್ರೆ ಜಾಸ್ತಿ ಸಂಬಳವೇ ಒಳ್ಳೇದು ಅಂತಾಯ್ತಲ್ಲ" ಅಂತೀರಾ? ಅಲ್ಲ. ಲೆವೆಲ್ ಅನ್ನೋದು ಡಾಲರ್ ಮೊತ್ತದ ಮೇಲಷ್ಟೇ ನಿಂತಿಲ್ಲ. ಆ ಊರಲ್ಲಿ ಆ ಕೆಲಸಕ್ಕೆ ಎಷ್ಟು ಕೊಡ್ತಾರೆ ಅನ್ನೋದಕ್ಕೆ ಹೋಲಿಸಿ ಅಳೀತಾರೆ. ಸ್ಯಾನ್ ಹೋಸೆಯಲ್ಲಿ ಸಾಫ್ಟ್‌ವೇರ್ ಸಂಬಳ ಆಕಾಶದಲ್ಲಿದೆ, ಹಾಗಾಗಿ ಅಲ್ಲಿ ದೊಡ್ಡ ಮೊತ್ತವೂ ಕೆಳಗಿನ ಮೆಟ್ಟಿಲಲ್ಲೇ ಉಳಿಯಬಹುದು. ಅದಕ್ಕಿಂತ ಕಡಿಮೆ ದುಡ್ಡು ಕೊಲಂಬಸ್‌ನಲ್ಲಿ ಒಂದು ಮೆಟ್ಟಿಲು ಮೇಲೆ ಹತ್ತಬಹುದು. ಹುಡುಗನ ಕೈಲಿ ಎರಡೂ ಕಂಪನಿಯಿಂದ ಕೆಲಸದ ಕೋಡ್ ಕೇಳಿಸಿದೆ. ಕಾರ್ಮಿಕ ಇಲಾಖೆಯ ಸಂಬಳ ಹುಡುಕುವ ಪುಟ ಎಲ್ಲರಿಗೂ ತೆರೆದಿದೆ, ಪ್ರತಿ ಜುಲೈನಲ್ಲಿ ಹೊಸ ಅಂಕಿ ಹಾಕ್ತಾರೆ. ಅಲ್ಲಿ ನೋಡಿದಾಗ ಅವನ 1,45,000 ಲೆವೆಲ್ 1ರಲ್ಲೇ ನಿಂತಿತ್ತು, 1,06,000 ಲೆವೆಲ್ 2ಕ್ಕೆ ಹತ್ತಿತ್ತು.

ಈಗ ಎರಡನ್ನೂ ಸೇರಿಸಿ. ಸ್ಟಾರ್ಟಪ್: ಒಂದೇ ಮಾರ್ಚ್, ಶೇ. 15. ಕೊಲಂಬಸ್: ಮೂರು ಮಾರ್ಚ್, ಪ್ರತಿ ಸಲ ಶೇ. 30. ಮೂರು ಸಲ 30 ಅಂದ್ರೆ 90 ಅಲ್ಲ, ಈ ತಪ್ಪು ಲೆಕ್ಕ ಎಂಜಿನಿಯರ್‌ಗಳೂ ಹೇಳೋದನ್ನ ಕೇಳಿದೀನಿ. ಮೂರು ಸಲವೂ ಬರದೇ ಇರೋ ಸಾಧ್ಯತೆ 0.7 ಗುಣಿಸು 0.7 ಗುಣಿಸು 0.7, ಅಂದ್ರೆ 34. ಒಂದು ಸಲವಾದ್ರೂ ಬರೋ ಸಾಧ್ಯತೆ 66. ಪ್ರತಿ ವರ್ಷ ಪರಿಸ್ಥಿತಿ ಹೀಗೇ ಇದ್ರೆ ಅನ್ನೋ ಲೆಕ್ಕ ಇದು, ಭವಿಷ್ಯವಾಣಿ ಅಲ್ಲ. ಆದ್ರೂ 15 ಎಲ್ಲಿ, 66 ಎಲ್ಲಿ!

ಸಂಬಳದ ವ್ಯತ್ಯಾಸ ಎಷ್ಟಿತ್ತು? ಕಾಗದದ ಮೇಲೆ ವರ್ಷಕ್ಕೆ 39 ಸಾವಿರ ಡಾಲರ್, ತಿಂಗಳಿಗೆ 3,250. ಕ್ಯಾಲಿಫೋರ್ನಿಯಾದ ತೆರಿಗೆ ಮತ್ತು ಒಂದು ಬೆಡ್‌ರೂಮ್ ಮನೆಯ ಬಾಡಿಗೆ ಕಳೆದು ಕೂತು ಲೆಕ್ಕ ಹಾಕಿದಾಗ, ಕೈಲಿ ಉಳಿಯೋ ವ್ಯತ್ಯಾಸ ತಿಂಗಳಿಗೆ ಸಾವಿರ ಡಾಲರ್‌ಗಿಂತ ಕಡಿಮೆ ಬಂತು. ಅಪ್ಪನ ಹತ್ರ ಮಾತಾಡುವಾಗ ಈ ಸಾವಿರ ಡಾಲರ್ ಹೇಳು ಅಂದೆ, 39 ಸಾವಿರ ಹೇಳಬೇಡ ಅಂದೆ. ಅಂದಹಾಗೆ, ಎಫ್-1ನಲ್ಲಿ ಮೊದಲ ಐದು ಕ್ಯಾಲೆಂಡರ್ ವರ್ಷ ಸೋಷಿಯಲ್ ಸೆಕ್ಯುರಿಟಿ, ಮೆಡಿಕೇರ್ ಅಂತ ಕಡಿಯೋ ಶೇ. 7.65 ನಿಮ್ಮ ಸಂಬಳದಿಂದ ಹೋಗಬಾರದು. ಸಣ್ಣ ಕಂಪನಿಗಳು ಗೊತ್ತಿಲ್ಲದೆ ಕಡೀತಾರೆ. ಮೊದಲ ಪೇಸ್ಲಿಪ್ ಬಂದ ದಿನವೇ ನೋಡಿ.

ಹಾಗಂತ ಸ್ಟಾರ್ಟಪ್ ಬೇಡವೇ ಬೇಡ ಅಂತ ನಾನು ಹೇಳ್ತಿಲ್ಲ. ಇ-ವೆರಿಫೈಗೆ ಸೇರೋಕೆ ಕಂಪನಿಗೆ ಒಂದು ಡಾಲರ್ ಖರ್ಚೂ ಇಲ್ಲ, ಆನ್‌ಲೈನ್‌ನಲ್ಲಿ ಆಗುತ್ತೆ. ತುಂಬಾ ಸ್ಟಾರ್ಟಪ್‌ಗಳು ಸೇರಿಲ್ಲ ಅಂದ್ರೆ ಅದಕ್ಕೆ ಕಾರಣ ಯಾರೂ ಕೇಳಿಲ್ಲ ಅನ್ನೋದಷ್ಟೇ. ನಮ್ಮವರು ಸಂಬಳದ ಚೌಕಾಸಿಗೆ ಕೂತಾಗ ಐದು ಸಾವಿರ ಜಾಸ್ತಿ ಕೇಳ್ತಾರೆ, ಜಾಯ್ನಿಂಗ್ ಬೋನಸ್ ಕೇಳ್ತಾರೆ. ನನ್ನ ಮಾತು ಕೇಳೋದಾದ್ರೆ ಆ ಐದು ಸಾವಿರ ಬಿಡಿ, ಇ-ವೆರಿಫೈ ಕೇಳಿ. ಅದೊಂದೇ ಬದಲಾವಣೆಯಿಂದ ಸ್ಟಾರ್ಟಪ್‌ನ ಲೆಕ್ಕ 15ರಿಂದ ಸುಮಾರು 39ಕ್ಕೆ ಏರುತ್ತೆ. ಸಂಬಳವನ್ನೇ ಕೇಳೋದಾದ್ರೂ ಲೆವೆಲ್ ನೋಡ್ಕೊಂಡು ಕೇಳಿ. ಮುಂದಿನ ಲೆವೆಲ್ ಮೂರು ಸಾವಿರ ಡಾಲರ್ ದೂರದಲ್ಲಿದ್ರೆ ಆ ಮೂರು ಸಾವಿರಕ್ಕೆ ಇರೋ ಬೆಲೆ ಬೇರೆ ಯಾವ ಮೂರು ಸಾವಿರಕ್ಕೂ ಇಲ್ಲ. ಕಂಪನಿಗೂ ಅದನ್ನ ಹಾಗೇ ಬಿಡಿಸಿ ಹೇಳಿ: ಇಷ್ಟು ಕೊಟ್ರೆ ನಾನು ನಿಮ್ಮಲ್ಲೇ ಉಳಿಯೋ ಸಾಧ್ಯತೆ ಇಷ್ಟು ಏರುತ್ತೆ ಅಂತ. ಇನ್ನೊಂದು ಸಣ್ಣ ವಿಷಯ. ನೀವು ಮನೆಯಿಂದ ಕೆಲಸ ಮಾಡೋದಾದ್ರೆ ನಿಮ್ಮ ಮನೆ ಇರೋ ಪ್ರದೇಶದ ಸಂಬಳ ಲೆಕ್ಕಕ್ಕೆ ಬರುತ್ತೆ. ಎರಡು ಕಂಪನಿ ನಿಮ್ಮ ಹೆಸರು ಕೊಟ್ರೆ ಅವುಗಳಲ್ಲಿ ಕೆಳಗಿನ ಲೆವೆಲ್‌ನ್ನೇ ಹಿಡೀತಾರೆ, ಮೇಲಿನದ್ದನ್ನ ಅಲ್ಲ.

ಈಗ ಎಚ್.ಆರ್. ಭಾಷೆಗೆ ಬರೋಣ. "ಡು ಯು ಸ್ಪಾನ್ಸರ್?" ಅಂತ ಕೇಳಿದ್ರೆ "ಯೆಸ್" ಅನ್ನೋ ಉತ್ತರ ಬರುತ್ತೆ. ಆ ಯೆಸ್‌ಗೆ ಏನರ್ಥ? ಐ-983ಗೆ ಸಹಿ ಹಾಕ್ತೀವಿ ಅಂತಲಾ? ಮೊದಲ ಮಾರ್ಚ್‌ಗೇ ಹೆಸರು ಕೊಡ್ತೀವಿ ಅಂತಲಾ? ಎರಡು ವರ್ಷ ನಿಮ್ಮ ಕೆಲಸ ನೋಡಿ ಆಮೇಲೆ ಯೋಚಿಸ್ತೀವಿ ಅಂತಲಾ? ಕೊನೇದ್ದು ಆದ್ರೆ ಮೂರು ಮಾರ್ಚ್‌ನಲ್ಲಿ ಎರಡು ಸುಮ್ಮನೆ ಕಳೆದುಹೋಯ್ತು. "ಕೇಸ್ ಬೈ ಕೇಸ್" ಅಂದ್ರೆ ನನ್ನ ಅನುಭವದಲ್ಲಿ ಅರ್ಥ ಇಷ್ಟೇ: ನಮ್ಮಲ್ಲಿ ನೀತಿ ಅಂತ ಇಲ್ಲ, ನಿಮ್ಮ ಮ್ಯಾನೇಜರ್ ಗಲಾಟೆ ಮಾಡಿದ್ರೆ ಆಗುತ್ತೆ. "ವಿ ಸಪೋರ್ಟ್ ಇಮಿಗ್ರೇಷನ್" ಅನ್ನೋದು ಕೇಳೋಕೆ ಚೆನ್ನಾಗಿದೆ, ಅದರಲ್ಲಿ ದಿನಾಂಕ ಇಲ್ಲ.

ನನ್ನ ಜೊತೆ ಡಲ್ಲಾಸ್‌ನಲ್ಲಿ ಮನೆ ಹಂಚ್ಕೊಂಡಿದ್ದ ಗೆಳತಿಗೆ ಮ್ಯಾನೇಜರ್ ಫೋನ್‌ನಲ್ಲಿ ಭರವಸೆ ಕೊಟ್ಟಿದ್ರು, ಮಾರ್ಚ್‌ನಲ್ಲಿ ಖಂಡಿತ ಮಾಡ್ತೀವಿ, ಚಿಂತೆ ಬೇಡ ಅಂತ. ಒಳ್ಳೇ ಮನುಷ್ಯರೇ, ಸುಳ್ಳು ಹೇಳಿರಲಿಲ್ಲ. ನವೆಂಬರ್‌ನಲ್ಲಿ ಅವರು ಬೇರೆ ಕಂಪನಿಗೆ ಹೋದ್ರು. ಹೊಸದಾಗಿ ಬಂದವರಿಗೆ ಈ ಮಾತು ಗೊತ್ತೇ ಇರಲಿಲ್ಲ, ಎಚ್.ಆರ್. ಹತ್ರ ದಾಖಲೆ ಇರಲಿಲ್ಲ, ಬಜೆಟ್‌ನಲ್ಲಿ ಹಾಕಿರಲಿಲ್ಲ. ಆ ಮಾರ್ಚ್ ಹೋಯ್ತು. ಅದಕ್ಕೇ ಹೇಳೋದು, ಆಫರ್ ಕೈಗೆ ಬಂದ ಮೇಲೆ, ಸಹಿ ಹಾಕೋಕೆ ಮುಂಚೆ, ಎಚ್.ಆರ್.ಗೆ ಒಂದು ಮೇಲ್ ಹಾಕಿ. ನೀವು ಇ-ವೆರಿಫೈನಲ್ಲಿ ಇದ್ದೀರಾ, ನಾನು ಸೇರಿದ ನಂತರದ ಮೊದಲ ಮಾರ್ಚ್‌ಗೇ ನನ್ನ ಹೆಸರು ನೋಂದಾಯಿಸ್ತೀರಾ, ಯಾವ ಕೆಲಸದ ಕೋಡ್ ಮತ್ತು ಯಾವ ಲೆವೆಲ್‌ನಲ್ಲಿ, ಒಪಿಟಿ ಮುಗಿಯೋವರೆಗೂ ಆಯ್ಕೆ ಆಗದಿದ್ರೆ ನಿಮ್ಮ ಬೇರೆ ದೇಶದ ಕಚೇರಿಗೆ ಕಳಿಸೋ ಪದ್ಧತಿ ಇದೆಯಾ. ಈ ನಾಲ್ಕೇ ಪ್ರಶ್ನೆ, ಮರ್ಯಾದೆಯಿಂದ, ಒಂದೇ ಮೇಲ್‌ನಲ್ಲಿ. ಆ ಉತ್ತರ ಕೋರ್ಟ್‌ಗೆ ಒಯ್ಯೋ ಕರಾರು ಪತ್ರ ಅಲ್ಲ. ಅಮೆರಿಕದಲ್ಲಿ ಹೆಚ್ಚಿನ ಕೆಲಸಗಳು ಎರಡೂ ಕಡೆಯವರು ಯಾವಾಗ ಬೇಕಾದ್ರೂ ಬಿಡಬಹುದಾದಂಥವು. ಆದ್ರೆ ಮ್ಯಾನೇಜರ್ ಬದಲಾದಾಗ ತೋರಿಸೋಕೆ ನಿಮ್ಮ ಕೈಲಿ ಒಂದು ದಾಖಲೆ ಇರುತ್ತೆ.

ಕೇಳಿದ್ರೆ ಆಫರ್ ವಾಪಸ್ ತಗೋತಾರೇನೋ ಅನ್ನೋ ಭಯ ಎಲ್ಲರಿಗೂ ಇದೆ. ಅರ್ಜಿಯಲ್ಲೇ "ಈಗ ಅಥವಾ ಮುಂದೆ ನಿಮಗೆ ಸ್ಪಾನ್ಸರ್‌ಶಿಪ್ ಬೇಕಾಗುತ್ತಾ?" ಅನ್ನೋ ಪ್ರಶ್ನೆ ಇರುತ್ತೆ, ಅದಕ್ಕೆ ಹೌದು ಅಂತಲೇ ಬರೆದಿರ್ತೀರಿ, ಹಾಗೇ ಬರೀಬೇಕು ಕೂಡ. ಅವರಿಗೆ ಗೊತ್ತಿರೋ ವಿಷಯದ ವಿವರ ಕೇಳ್ತಿದ್ದೀರಿ, ಅಷ್ಟೇ. ಈ ನಾಲ್ಕು ಪ್ರಶ್ನೆಗೇ ಹೆದರಿ ಓಡೋ ಕಂಪನಿ ಮಾರ್ಚ್‌ನಲ್ಲಿ ನಿಮ್ಮ ಪರ ವಕೀಲರಿಗೆ ದುಡ್ಡು ಕಟ್ಟುತ್ತಾ? ಅವರು ಹೇಳಿದ್ದು ನಿಜವೋ ಅಂತ ನೋಡೋಕೂ ದಾರಿ ಇದೆ. ಯಾವ ಕಂಪನಿಗೆ ಯಾವ ವರ್ಷ ಎಷ್ಟು ಎಚ್-1ಬಿ ಮಂಜೂರಾಗಿದೆ ಅಂತ ಅಮೆರಿಕದ ವಲಸೆ ಇಲಾಖೆ ತನ್ನ ವೆಬ್‌ಸೈಟ್‌ನಲ್ಲಿ ಹಾಕಿದೆ. ಹೊಸಬರಿಗೆ ಮಂಜೂರಾಗಿದ್ದು ಸೊನ್ನೆ ಇದ್ದು ಎಚ್.ಆರ್. "ಆಗಾಗ ಮಾಡ್ತಿರ್ತೀವಿ" ಅಂದ್ರೆ ಯಾವುದನ್ನ ನಂಬಬೇಕು ಅಂತ ನೀವೇ ನೋಡಿ.

ಮೂರನೇ ಆಫರ್, 68 ಸಾವಿರದ್ದು, ಅದನ್ನ ಹುಡುಗ ಮೊದಲೇ ಪಕ್ಕಕ್ಕೆ ಇಟ್ಟುಬಿಟ್ಟಿದ್ದ. ನಾನು ವಾಪಸ್ ಎಳೆದು ತಂದೆ. ಯೂನಿವರ್ಸಿಟಿಗಳು, ಅವುಗಳಿಗೆ ಸೇರಿದ ಲಾಭರಹಿತ ಸಂಸ್ಥೆಗಳು, ಲಾಭರಹಿತ ಮತ್ತು ಸರ್ಕಾರಿ ಸಂಶೋಧನಾ ಸಂಸ್ಥೆಗಳು, ಇವರಿಗೆ ಆ 85 ಸಾವಿರದ ಮಿತಿ ಅನ್ವಯಿಸಲ್ಲ. ಲಾಟರಿಯೇ ಇಲ್ಲ. ವರ್ಷದ ಯಾವ ತಿಂಗಳಲ್ಲಾದ್ರೂ ಅರ್ಜಿ ಹಾಕಬಹುದು. ಸಂಶೋಧನೆ ಇಷ್ಟ ಇರೋರಿಗೆ, ರಿಸ್ಕ್ ತಡೆಯೋಕೆ ಆಗದವರಿಗೆ ಇದಕ್ಕಿಂತ ಗಟ್ಟಿ ನೆಲ ಇಲ್ಲ. ಆದ್ರೆ ಮುಂದೆ ಅಲ್ಲಿಂದ ಸಾಮಾನ್ಯ ಕಂಪನಿಗೆ ಹೋಗ್ಬೇಕು ಅಂದ್ರೆ ಮತ್ತೆ ಲಾಟರಿ ಸಾಲಲ್ಲಿ ನಿಲ್ಲಬೇಕು. ಆಮೇಲೆ ಕಂತು. 62 ಸಾವಿರ ರೂಪಾಯಿ ಅಂದ್ರೆ ತಿಂಗಳಿಗೆ 700 ಡಾಲರ್ ಆಸುಪಾಸು. 68 ಸಾವಿರ ಡಾಲರ್ ಸಂಬಳದಲ್ಲಿ, ಯೂನಿವರ್ಸಿಟಿ ಊರಿನ ಬಾಡಿಗೆಯಲ್ಲಿ, ಅದನ್ನ ಕಟ್ಟಬಹುದು. ಬೇಗ ತೀರಿಸೋಕೆ ಆಗಲ್ಲ, ಕಟ್ಟೋಕೆ ಆಗುತ್ತೆ.

ಎಲ್ಲಾ ಮಾರ್ಚ್ ಕೈಕೊಟ್ರೆ ಏನು? ಈ ಪ್ರಶ್ನೆಯನ್ನ ಜನ ಕೇಳ್ಕೊಳ್ಳೋದೇ ಇಲ್ಲ, ಅಪಶಕುನ ಅನ್ನೋ ಥರ. ಕೊಲಂಬಸ್ ಕಂಪನಿಗೆ ಬೆಂಗಳೂರಲ್ಲಿ ಒಂದು ಕಚೇರಿ ಇದೆ, ಹುಡುಗನಿಗೆ ಅದು ಗೊತ್ತೇ ಇರಲಿಲ್ಲ. ಹೊರ ವರ್ತುಲ ರಸ್ತೆ, ವೈಟ್‌ಫೀಲ್ಡ್, ಮಾನ್ಯತಾ ಟೆಕ್ ಪಾರ್ಕ್ ಕಡೆ ಇರೋ ಬೋರ್ಡ್‌ಗಳನ್ನ ನೋಡಿ, ಅಮೆರಿಕದ ಎಷ್ಟು ಬ್ಯಾಂಕು, ಇನ್ಶೂರೆನ್ಸ್ ಕಂಪನಿಗಳು ಅಲ್ಲಿವೆ ಅಂತ ಗೊತ್ತಾಗುತ್ತೆ. ಅದೇ ಕಂಪನಿಯ ಹೊರದೇಶದ ಕಚೇರಿಯಲ್ಲಿ ಒಂದು ವರ್ಷ ಪೂರ್ತಿ ಕೆಲಸ ಮಾಡಿದ್ರೆ ಎಲ್-1 ಅನ್ನೋ ವರ್ಗಾವಣೆ ವೀಸಾಕ್ಕೆ ದಾರಿ ತೆರೆಯುತ್ತೆ. ಅದು ಮ್ಯಾನೇಜರ್‌ಗಳಿಗೆ, ಅಥವಾ ಆ ಕಂಪನಿಯದ್ದೇ ಆದ ವಿಶೇಷ ಜ್ಞಾನ ಇರೋರಿಗೆ. ಅದಕ್ಕೆ ಲಾಟರಿ ಇಲ್ಲ. ಕೆಲವು ಕಂಪನಿಗಳು ಟೊರೊಂಟೊ, ವ್ಯಾಂಕೂವರ್‌ಗೂ ಕಳಿಸ್ತಾರೆ. ಆದ್ರೆ ಬೆಂಗಳೂರಿಗೆ ಬಂದ್ರೆ ಸಂಬಳ ರೂಪಾಯಿಯಲ್ಲಿ. ಆಗ 62 ಸಾವಿರದ ಕಂತು 700 ಡಾಲರ್ ಥರ ಕಾಣಲ್ಲ, ಸಂಬಳದ ದೊಡ್ಡ ಪಾಲನ್ನೇ ತಿನ್ನುತ್ತೆ. ಅದಕ್ಕೇ ಡಾಲರ್ ಬರ್ತಾ ಇರೋ ಮೊದಲ ಎರಡು ವರ್ಷದಲ್ಲಿ ಅಸಲು ಇಳಿಸಿ. ಕಾರು ಆಮೇಲೆ ತಗೊಳ್ಳಿ. ಹದಿನಾಲ್ಕು ಜನರ ಸ್ಟಾರ್ಟಪ್‌ಗೆ ಬೇರೆ ದೇಶದಲ್ಲಿ ಕಚೇರಿ ಇರಲಿಲ್ಲ, ಅಲ್ಲಿ ಕೊನೆಯ ಮಾರ್ಚ್ ಅಂದ್ರೆ ಕೊನೆಯದೇ.

ಗ್ರೀನ್ ಕಾರ್ಡ್ ಬಗ್ಗೆ ಹೆಚ್ಚು ಹೇಳಲ್ಲ. ಭಾರತದವರ ಸಾಲು ಹೇಗಿದೆ ಅಂದ್ರೆ, 2025ರ ಕೊನೆಯಲ್ಲಿ ಇಬಿ-2 ವರ್ಗದಲ್ಲಿ 2013ರಲ್ಲಿ ಅರ್ಜಿ ಹಾಕಿದವರ ಸರದಿ ನಡೀತಿತ್ತು. ಕಂಪನಿ ಎಷ್ಟು ವರ್ಷದ ಮೇಲೆ ಆ ಪ್ರಕ್ರಿಯೆ ಶುರು ಮಾಡುತ್ತೆ ಅಂತ ಕೇಳಿಟ್ಕೊಳ್ಳಿ, ಆರು ವರ್ಷದ ಎಚ್-1ಬಿ ಮಿತಿ ದಾಟೋಕೆ ಅದು ಬೇಕಾಗುತ್ತೆ. ಆದ್ರೆ ಮೊದಲ ಕೆಲಸವನ್ನ ಅದರ ಮೇಲೆ ಆರಿಸಬೇಡಿ.

ಕನ್ಸಲ್ಟೆನ್ಸಿಗಳ ಬಗ್ಗೆ ತುಂಬಾ ಜನ ಕೇಳಿದ್ದೀರಿ. ಎಲ್ಲರೂ ಮೋಸಗಾರರಲ್ಲ, ನಿಯತ್ತಾಗಿ ನಡೆಸೋರೂ ಇದ್ದಾರೆ. ಒಪಿಟಿ ಶುರುವಾದ ಮೇಲೆ ಕೆಲಸ ಇಲ್ಲದೆ ಒಟ್ಟು 90 ದಿನ ಇರಬಹುದು, ಶನಿವಾರ ಭಾನುವಾರ ಎಲ್ಲಾ ಲೆಕ್ಕಕ್ಕೆ ಬರುತ್ತೆ. 70ನೇ ದಿನ ದಾಟಿದವರ ಕೈ ನಡುಗ್ತಾ ಇರುತ್ತೆ, ಆಗ ಬರೋ ಫೋನ್ ಅವರದ್ದು. "ಎಚ್-1ಬಿ ಖರ್ಚು ನೀವೇ ಕೊಡಿ" ಅಂದ್ರೆ ಒಪ್ಪಬೇಡಿ. ಆ ಅರ್ಜಿಯ ಶುಲ್ಕ, ವಕೀಲರ ಖರ್ಚು ಕಂಪನಿಯದ್ದು, ಸಂಬಳದಲ್ಲಿ ಹಿಡಿಯೋದೂ ತಪ್ಪು. ಎಚ್-1ಬಿ ಬಂದ ಮೇಲೆ ಪ್ರಾಜೆಕ್ಟ್ ಇಲ್ಲ ಅಂತ ಸಂಬಳ ಇಲ್ಲದೆ ಬೆಂಚ್ ಮೇಲೆ ಕೂರಿಸೋ ಹಾಗಿಲ್ಲ. ಸ್ಟೆಮ್ ಒಪಿಟಿಯಲ್ಲಿ ನಿಮಗೆ ತರಬೇತಿ ಕೊಡೋ ಕಂಪನಿ ಕಾಗದದ ಮೇಲೆ ಒಂದು, ನಿಜವಾಗಿ ಕೆಲಸ ಮಾಡಿಸೋದು ಇನ್ನೊಂದು ಅಂತಾದ್ರೆ ಮುಂದೆ ಪ್ರಶ್ನೆ ಬರೋದು ನಿಮ್ಮ ಫೈಲ್‌ಗೆ. ಕೆಲಸ ಮಾಡದ ದಿನಗಳಿಗೆ ಸುಳ್ಳು ಪತ್ರ ಕೊಡ್ತೀವಿ ಅನ್ನೋರ ಹತ್ರ ಮಾತ್ರ ಹೋಗಲೇಬೇಡಿ.

ಕೊನೆಯದಾಗಿ, ಮದುವೆ ಸೀಸನ್ ಬಂತು, ಹಾಗಾಗಿ ಇದನ್ನ ಹೇಳಲೇಬೇಕು. 2025ರ ಸೆಪ್ಟೆಂಬರ್ 21ರಿಂದ ಜಾರಿಗೆ ಬಂದ ಅಧ್ಯಕ್ಷರ ಘೋಷಣೆ ಪ್ರಕಾರ, ಅಮೆರಿಕದ ಹೊರಗೆ ಇರೋರಿಗೆ ಹೊಸ ಎಚ್-1ಬಿ ಅರ್ಜಿ ಹಾಕೋ ಕಂಪನಿ ಒಂದು ಲಕ್ಷ ಡಾಲರ್ ಕಟ್ಟಬೇಕು. ಮೊದಲು ಇದನ್ನ ಹೊರಡಿಸಿದ್ದು 12 ತಿಂಗಳಿಗೆ. ಅಮೆರಿಕದ ಒಳಗೇ ಇದ್ದು ಎಫ್-1ನಿಂದ ಎಚ್-1ಬಿಗೆ ಬದಲಾಗೋರಿಗೆ ಇದು ಅನ್ವಯಿಸಲ್ಲ ಅಂತ ಅಕ್ಟೋಬರ್‌ನಲ್ಲಿ ವಲಸೆ ಇಲಾಖೆ ಸ್ಪಷ್ಟ ಮಾಡ್ತು. ಆದ್ರೆ ಆ ಬದಲಾವಣೆ ಮಂಜೂರಾಗೋ ಮೊದಲೇ ನೀವು ದೇಶ ಬಿಟ್ರೆ, ಆ ವಿನಾಯಿತಿ ಹೋಗುತ್ತೆ. ಅಕ್ಕನ ಮದುವೆಗೆ ಅಂತ ಮೇನಲ್ಲಿ ದಾವಣಗೆರೆಗೆ ಹತ್ತು ದಿನ ಬಂದು ಹೋಗೋ ಟಿಕೆಟ್, ನಿಮ್ಮ ಕಂಪನಿಗೆ ಒಂದು ಲಕ್ಷ ಡಾಲರ್‌ನ ಬಿಲ್ ಆಗಬಹುದು. ಅಷ್ಟು ಕಟ್ಟೋ ಕಂಪನಿ ಎಷ್ಟಿದೆ ಹೇಳಿ! ಏಪ್ರಿಲ್‌ನಿಂದ ಮಂಜೂರಾತಿ ಪತ್ರ ಕೈಗೆ ಬರೋವರೆಗೂ ಟಿಕೆಟ್ ಬುಕ್ ಮಾಡೋ ಮುಂಚೆ ಕಂಪನಿಯ ವಕೀಲರನ್ನ ಕೇಳಿ, ಯೂನಿವರ್ಸಿಟಿಯ ಅಂತರರಾಷ್ಟ್ರೀಯ ವಿದ್ಯಾರ್ಥಿ ಕಚೇರಿಯಲ್ಲಿ ಡಿಎಸ್‌ಒ ಅವರನ್ನ ಕೇಳಿ. ನಾನು ವಕೀಲೆ ಅಲ್ಲ, ಅವರು ಹೇಳಿದ್ದನ್ನೇ ನಂಬಿ.

ಪ್ರಶ್ನೆ ಕಳಿಸೋರು ದಯವಿಟ್ಟು ಸಂಬಳ ಒಂದನ್ನೇ ಬರೀಬೇಡಿ. ಯಾವ ಊರು, ಕೆಲಸದ ಕೋಡ್ ಏನು, ಕಂಪನಿ ಇ-ವೆರಿಫೈನಲ್ಲಿ ಇದೆಯಾ, ನಿಮ್ಮ ಒಪಿಟಿ ಶುರುವಾದ ದಿನ ಯಾವುದು, ಇಷ್ಟು ಇದ್ರೆ ಲೆಕ್ಕ ಹಾಕೋಕೆ ಆಗುತ್ತೆ. ಮುಂದಿನ ವಾರ ಜರ್ಮನಿಯ ಬ್ಲೂ ಕಾರ್ಡ್ ಬಗ್ಗೆ ಮಾತಾಡೋಣ.